ಪ್ರವೇಶದ ದಿನ ಓದದೆ ಸಹಿ ಹಾಕಿದ ಮುಚ್ಚಳಿಕೆ: ರ‍್ಯಾಗಿಂಗ್ ತಡೆ ನಿಯಮಗಳಲ್ಲಿ ನಿಜವಾಗಿ ಏನಿದೆ?

ಸಿಇಟಿ ಸೀಟು ಹಂಚಿಕೆ ಮುಗಿದು ಬೆಂಗಳೂರಿನ ಕಾಲೇಜುಗಳಲ್ಲಿ ಪ್ರವೇಶ ನಡೆಯುವ ವಾರಗಳಲ್ಲಿ ಕಚೇರಿಯ ಕಿಟಕಿಯ ಮುಂದೆ ಕಾಣುವ ನೋಟ ವರ್ಷವರ್ಷವೂ ಒಂದೇ. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ರಾತ್ರಿ ಬಸ್ಸಿನಲ್ಲಿ ಬಂದಿಳಿದ ತಂದೆ, ಪಕ್ಕದಲ್ಲಿ ಫೈಲು ಹಿಡಿದ ಮಗ ಅಥವಾ ಮಗಳು, ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಶುಲ್ಕದ ರಸೀದಿ. ಈ ಕಾಗದಗಳ ನಡುವೆ ವಿದ್ಯಾರ್ಥಿಯ ಹೆಸರಿನಲ್ಲಿ ಒಂದು, ಪೋಷಕರ ಹೆಸರಿನಲ್ಲಿ ಒಂದು ಎಂದು ಎರಡು ಮುಚ್ಚಳಿಕೆಗಳೂ ಇರುತ್ತವೆ. ಈಗ ಇವನ್ನು ಆನ್‌ಲೈನ್‌ನಲ್ಲಿಯೂ ತುಂಬಿಸುತ್ತಾರೆ, ಮತ್ತು ಪ್ರತಿ ಶೈಕ್ಷಣಿಕ ವರ್ಷವೂ ಹೊಸದಾಗಿ ಕೊಡಬೇಕಾಗುತ್ತದೆ. ಸಹಿ ಹಾಕುವವರಲ್ಲಿ ಇದನ್ನು ಪೂರ್ತಿ ಓದುವವರು ವಿರಳ. ಹಿಂದೆ ಸಾಲು ಬೆಳೆಯುತ್ತಿರುವಾಗ ಓದುವುದಕ್ಕೆ ಸಮಯವೂ ಇರುವುದಿಲ್ಲ.

ಆ ಮುಚ್ಚಳಿಕೆಯಲ್ಲಿ ಒಂದು ಸಾಲು ಇದೆ. ರ‍್ಯಾಗಿಂಗ್ ಎನಿಸಬಹುದಾದ ಯಾವುದೇ ಕೆಲಸದಲ್ಲಿ ತಾನು ಭಾಗವಹಿಸುವುದಿಲ್ಲ, ಕುಮ್ಮಕ್ಕು ಕೊಡುವುದಿಲ್ಲ, ಏನನ್ನಾದರೂ ಮಾಡುವ ಮೂಲಕವಾಗಲಿ ಮಾಡಬೇಕಾದ್ದನ್ನು ಮಾಡದೆ ಬಿಡುವ ಮೂಲಕವಾಗಲಿ ಅದನ್ನು ಬೆಳೆಸುವುದಿಲ್ಲ ಎಂದು ವಿದ್ಯಾರ್ಥಿ ಅಲ್ಲಿ ಮಾತು ಕೊಡುತ್ತಾನೆ. ಹೊಡೆಯುವುದಿಲ್ಲ, ಬೈಯುವುದಿಲ್ಲ ಎನ್ನುವುದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ‘ಮಾಡದೆ ಬಿಡುವುದು’ ಎಂದರೆ ಏನು, ಅದನ್ನು ಏಕೆ ಸೇರಿಸಿದರು ಎಂಬುದು ತಿಳಿದರೆ ಕಾಲೇಜು ಆವರಣದ ಸುರಕ್ಷತೆಯ ವಿಷಯ ಮುಕ್ಕಾಲು ಪಾಲು ತಿಳಿದಂತೆ.

ಕಾನೂನಿನ ಕಣ್ಣಿನಲ್ಲಿ ರ‍್ಯಾಗಿಂಗ್

ಕರ್ನಾಟಕ ಶಿಕ್ಷಣ ಅಧಿನಿಯಮ, 1983 ರ‍್ಯಾಗಿಂಗ್ ಎಂಬ ಪದಕ್ಕೆ ತನ್ನದೇ ಅರ್ಥವನ್ನು ಕೊಟ್ಟಿದೆ. ಬೆದರಿಸಿ, ತಡೆದು ನಿಲ್ಲಿಸಿ, ಕೂಡಿಹಾಕಿ, ಗಾಯಪಡಿಸಿ ಅಥವಾ ಹಾಗೆ ಮಾಡುವುದಾಗಿ ಹೆದರಿಸಿ, ಮನುಷ್ಯ ಘನತೆಗೆ ಕುಂದು ತರುವ ಅಥವಾ ನಗೆಪಾಟಲಿಗೆ ಈಡುಮಾಡುವ ಕೆಲಸವನ್ನು ಒಬ್ಬ ವಿದ್ಯಾರ್ಥಿಯಿಂದ ಮಾಡಿಸುವುದೇ ರ‍್ಯಾಗಿಂಗ್ ಎಂಬುದು ಅದರ ಸಾರಾಂಶ. ಅದನ್ನು ತಮಾಷೆಗೆಂದು ಮಾಡಿದರೂ ಅಷ್ಟೇ, ಬೇರೆ ರೀತಿಯಲ್ಲಿ ಮಾಡಿದರೂ ಅಷ್ಟೇ ಎಂದು ಆ ವ್ಯಾಖ್ಯೆಯೇ ಹೇಳುತ್ತದೆ. ‘ಸುಮ್ಮನೆ ತಮಾಷೆಗೆ ಮಾಡಿದ್ದು ಸಾರ್’ ಎಂಬ ಸಮಜಾಯಿಷಿಗೆ ರಾಜ್ಯದ ಕಾನೂನು ಆಗಲೇ ಜಾಗ ಬಿಟ್ಟಿರಲಿಲ್ಲ. ಇದೇ ಅಧಿನಿಯಮದ 116ನೇ ಪ್ರಕರಣದ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳು ಬಂದದ್ದು ಸಾವುಗಳ ಬೆನ್ನಿಗೆ. 1996ರಲ್ಲಿ ತಮಿಳುನಾಡಿನ ಚಿದಂಬರಂನಲ್ಲಿ ಪ್ರಥಮ ವರ್ಷದ ವೈದ್ಯಕೀಯ ವಿದ್ಯಾರ್ಥಿಯೊಬ್ಬನ ಕೊಲೆಯಾದ ಮೇಲೆ ಮರುವರ್ಷ ಆ ರಾಜ್ಯ ಪ್ರತ್ಯೇಕ ಕಾನೂನು ಮಾಡಿತು. ಸಿಬಿಐ ಮಾಜಿ ನಿರ್ದೇಶಕ ಆರ್. ಕೆ. ರಾಘವನ್ ಅವರ ಅಧ್ಯಕ್ಷತೆಯ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಸುಪ್ರೀಂ ಕೋರ್ಟ್ ಅದರ ಶಿಫಾರಸುಗಳನ್ನು ಜಾರಿಗೊಳಿಸುವಂತೆ ಹೇಳಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 2009ರ ಮಾರ್ಚ್ 8ರಂದು, ಹಿಮಾಚಲ ಪ್ರದೇಶದ ಟಾಂಡಾದ ವೈದ್ಯಕೀಯ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷದ ಅಮನ್ ಕಾಚ್ರೂ ಹಿರಿಯ ವಿದ್ಯಾರ್ಥಿಗಳ ಹೊಡೆತಕ್ಕೆ ಸಿಕ್ಕಿ ಮೃತಪಟ್ಟ. ಅದೇ ವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಈಗ ಜಾರಿಯಲ್ಲಿರುವ ರ‍್ಯಾಗಿಂಗ್ ತಡೆ ನಿಯಮಗಳನ್ನು ಹೊರಡಿಸಿತು. ಪ್ರವೇಶದ ದಿನದ ಮುಚ್ಚಳಿಕೆಯೂ ಈ ನಿಯಮಗಳ ಭಾಗವೇ.

ಯುಜಿಸಿಯ ವ್ಯಾಖ್ಯೆ ರಾಜ್ಯದ ವ್ಯಾಖ್ಯೆಗಿಂತ ಬಹಳ ವಿಶಾಲವಾದುದು. ಹೀಯಾಳಿಸುವ ಮಾತು ಮತ್ತು ಬರಹ, ತರಗತಿಗೆ ಹೋಗದಂತೆ ತಡೆಯುವುದು, ತಮ್ಮ ರೆಕಾರ್ಡ್ ಮತ್ತು ಅಸೈನ್‌ಮೆಂಟ್‌ಗಳನ್ನು ಕಿರಿಯರ ಕೈಯಲ್ಲಿ ಬರೆಸುವುದು, ಹಣ ಕೀಳುವುದು ಅಥವಾ ಬಲವಂತವಾಗಿ ಖರ್ಚು ಮಾಡಿಸುವುದು, ಸಂದೇಶಗಳ ಮೂಲಕ ಅವಮಾನಿಸುವುದು, ಇನ್ನೊಬ್ಬನ ಪೇಚಾಟವನ್ನು ಸುಮ್ಮನೆ ನಿಂತು ನೋಡಿ ಖುಷಿಪಡುವುದು ಸಹ ಇದರಲ್ಲಿ ಸೇರಿದೆ. ನಗುತ್ತ ಸುತ್ತ ನಿಂತ ಗುಂಪೂ ರ‍್ಯಾಗಿಂಗ್‌ನ ಒಂದು ಭಾಗ ಎಂದು ನಿಯಮ ಎಣಿಸುತ್ತದೆ. ಮುಚ್ಚಳಿಕೆಯ ‘ಮಾಡದೆ ಬಿಡುವುದು’ ಎಂಬ ಮಾತಿಗೆ ಮೊದಲ ಅರ್ಥ ಇಲ್ಲಿ ಸಿಗುತ್ತದೆ.

2016ರ ತಿದ್ದುಪಡಿ ಇನ್ನೊಂದು ಮುಖ್ಯ ಸೇರ್ಪಡೆ ಮಾಡಿತು. ಬಣ್ಣ, ಧರ್ಮ, ಜಾತಿ, ಲಿಂಗ, ಲೈಂಗಿಕ ಒಲವು, ರೂಪ, ಊರು, ಭಾಷೆ ಅಥವಾ ಆರ್ಥಿಕ ಸ್ಥಿತಿಯ ಕಾರಣಕ್ಕೆ ಸಹವಿದ್ಯಾರ್ಥಿಯನ್ನು ಹಿಂಸಿಸುವುದು, ಕಾಡುವುದು, ಗುಂಪಿನಿಂದ ಹೊರಗಿಡುವುದು ಕೂಡ ರ‍್ಯಾಗಿಂಗ್ ಎನಿಸಿತು. ಮಾತನಾಡಿಸದೆ ಬಿಡುವುದೂ ಹಿಂಸೆಯಾಗಬಲ್ಲದು ಎಂದು ನಿಯಮವೊಂದು ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ.

‘ಅವನೇ ಒಪ್ಪಿಕೊಂಡು ಮಾಡಿದ’ ಎಂಬ ವಾದ

ರ‍್ಯಾಗಿಂಗ್ ಪ್ರಕರಣಗಳಲ್ಲಿ ಕೇಳಿಬರುವ ಸಾಮಾನ್ಯ ವಾದವೆಂದರೆ, ಯಾರೂ ಬಲವಂತ ಮಾಡಲಿಲ್ಲ, ಹಾಡು ಹೇಳು ಎಂದೆವು, ಹೇಳಿದ, ಎಲ್ಲರೂ ನಕ್ಕರು, ಅವನೂ ನಕ್ಕ ಎಂಬುದು. ಇದರಲ್ಲಿ ಎಲ್ಲಿ ಎಡವುತ್ತೇವೆ ಎಂಬುದನ್ನು ಮನೆಯ ಒಂದು ಉದಾಹರಣೆಯಿಂದ ತಿಳಿಯಬಹುದು. ಮದುವೆಯಾಗಿ ಮೊನ್ನೆಯಷ್ಟೇ ಮನೆ ತುಂಬಿದ ಸೊಸೆಯನ್ನು, ನೆಂಟರೆಲ್ಲ ನೆರೆದಿರುವ ಹಜಾರದಲ್ಲಿ ನಿಲ್ಲಿಸಿ, ಅತ್ತೆ ಮತ್ತು ನಾದಿನಿಯರು ‘ಒಂದು ಹಾಡು ಹೇಳಮ್ಮ’ ಎನ್ನುತ್ತಾರೆ. ಅವಳು ಹೇಳುತ್ತಾಳೆ, ನಗುತ್ತಲೇ ಹೇಳುತ್ತಾಳೆ. ಆದರೆ ‘ಬೇಡ’ ಎಂದಿದ್ದರೆ ಮುಂದೆ ಆ ಮನೆಯಲ್ಲಿ ಅವಳ ದಿನಗಳು ಹೇಗಿರುತ್ತಿದ್ದವು ಎಂಬ ಲೆಕ್ಕಾಚಾರ ಅವಳ ಆ ನಗುವಿನ ಹಿಂದೆ ಇರುತ್ತದೆ. ಬೇಡ ಎನ್ನಲು ಅವಕಾಶವೇ ಇಲ್ಲದ ಕಡೆ ಹೂಂ ಎಂದದ್ದನ್ನು ಒಪ್ಪಿಗೆ ಎಂದು ಎಣಿಸಲಾಗದು.

ಮೊದಲ ವರ್ಷದ ವಿದ್ಯಾರ್ಥಿಯ ಸ್ಥಿತಿಯೂ ಹೀಗೆಯೇ. ಹಳೆಯ ಪ್ರಶ್ನೆಪತ್ರಿಕೆ, ನೋಟ್ಸ್, ಯಾವ ಉಪನ್ಯಾಸಕರು ಇಂಟರ್ನಲ್ಸ್‌ನಲ್ಲಿ ಏನು ಕೇಳುತ್ತಾರೆಂಬ ಸುಳಿವು, ಮುಂದೆ ಇಂಟರ್ನ್‌ಶಿಪ್‌ಗೆ ಒಂದು ಶಿಫಾರಸು, ಎಲ್ಲವೂ ಸೀನಿಯರ್‌ಗಳ ಕೈಯಲ್ಲಿರುತ್ತವೆ. ಆದ್ದರಿಂದಲೇ ಯುಜಿಸಿಯ ವ್ಯಾಖ್ಯೆ ಮಾಡಿದವನ ಉದ್ದೇಶವನ್ನೂ ಪಕ್ಕಕ್ಕಿಡುತ್ತದೆ. ನೋಯಿಸುವ ಅಥವಾ ದರ್ಪ ತೋರುವ ಉದ್ದೇಶ ಇರಲಿ, ಇಲ್ಲದಿರಲಿ, ವಿದ್ಯಾರ್ಥಿಯ ಮನಸ್ಸಿನ ಆರೋಗ್ಯಕ್ಕೂ ಆತ್ಮವಿಶ್ವಾಸಕ್ಕೂ ಪೆಟ್ಟು ಬಿದ್ದಿತೇ ಎಂಬುದನ್ನು ಅದು ನೋಡುತ್ತದೆ.

ಬೆಂಗಳೂರಿನಲ್ಲಿ ಇದು ಹೇಗೆ ನಡೆಯುತ್ತದೆ

ಈ ನಗರದ ಕಾಲೇಜು ತರಗತಿಯೊಂದರಲ್ಲಿ ನಾಡಿನ ಎಲ್ಲ ಜಿಲ್ಲೆಗಳ, ಹೊರರಾಜ್ಯಗಳ, ಹೊರದೇಶಗಳ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಅದೇ ಈ ನಗರದ ಸೊಗಸು. ಒತ್ತಡ ಹುಟ್ಟುವುದೂ ಅಲ್ಲಿಂದಲೇ. ಕಲಬುರಗಿಯ ಹುಡುಗನ ಕನ್ನಡವನ್ನು ಅಣಕಿಸಿ ಮತ್ತೆ ಮತ್ತೆ ಅದೇ ವಾಕ್ಯವನ್ನು ಹೇಳಿಸುವುದು, ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳನ್ನು ಎಲ್ಲರೆದುರು ಇಂಗ್ಲಿಷಿನಲ್ಲಿ ‘ಇಂಟ್ರೊ’ ಕೊಡುವಂತೆ ನಿಲ್ಲಿಸುವುದು, ಮಣಿಪುರದಿಂದಲೋ ನಾಗಾಲ್ಯಾಂಡ್‌ನಿಂದಲೋ ಬಂದವರ ಮುಖಚಹರೆಯನ್ನು ಆಡಿಕೊಳ್ಳುವುದು ಮೇಲಿನ 2016ರ ವ್ಯಾಖ್ಯೆಯೊಳಗೆ ನೇರವಾಗಿ ಬರುತ್ತವೆ. ‘ನಿನ್ನ ಸಿಇಟಿ ರ‍್ಯಾಂಕ್ ಎಷ್ಟು?’ ಎಂಬ ಪ್ರಶ್ನೆಯನ್ನು ಎಷ್ಟೋ ಬಾರಿ ಕೇಳುವುದು ರ‍್ಯಾಂಕ್ ತಿಳಿಯಲೆಂದಲ್ಲ, ಯಾವ ಕೋಟಾದಲ್ಲಿ ಸೀಟು ಬಂತೆಂದು ತಿಳಿಯಲು. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ದೊರೆತ ಸೀಟಾಗಲಿ, ಪರಿಶಿಷ್ಟರಿಗೆ ದೊರೆತ ಸೀಟಾಗಲಿ, ಅದು ಹಕ್ಕು. ಅದನ್ನು ಹಿಡಿದು ಹಂಗಿಸುವುದು ಅಪರಾಧವಾಗಬಹುದು.

ಇನ್ನೊಂದು ಸಂಗತಿ ಪಿಜಿಗಳದು. ಹಾಸ್ಟೆಲ್‌ನಲ್ಲಿ ಜಾಗ ಸಿಗದ ಸಾವಿರಾರು ಮಕ್ಕಳು ಕಾಲೇಜಿನ ಸುತ್ತಮುತ್ತಲ ಪಿಜಿಗಳಲ್ಲಿ, ಒಂದು ಕೋಣೆಯಲ್ಲಿ ಮೂವರು ನಾಲ್ವರಂತೆ, ಕಿರಿಯರು ಹಿರಿಯರು ಒಟ್ಟಿಗೆ ಇರುತ್ತಾರೆ. ಅಲ್ಲಿ ನಡೆದದ್ದಕ್ಕೂ ಕಾಲೇಜಿಗೂ ಸಂಬಂಧವಿಲ್ಲ ಎಂಬ ನಂಬಿಕೆ ಪೋಷಕರಲ್ಲಿಯೂ ಇದೆ. ಯುಜಿಸಿ ನಿಯಮಗಳು ಆವರಣದ ಒಳಗೆ ಮತ್ತು ಹೊರಗೆ, ವಿದ್ಯಾರ್ಥಿಗಳು ಓಡಾಡುವ ಖಾಸಗಿ ಮತ್ತು ಸಾರ್ವಜನಿಕ ವಾಹನಗಳಲ್ಲಿ ಕೂಡ ಅನ್ವಯಿಸುತ್ತವೆ. ಕಾಲೇಜು ಬಸ್ಸಿನ ಹಿಂದಿನ ಸೀಟಾದರೂ ಸರಿ, ಪಿಜಿಯ ಮಹಡಿಯಾದರೂ ಸರಿ, ‘ಅದು ನಮ್ಮ ಗೇಟಿನ ಹೊರಗೆ ನಡೆದದ್ದು’ ಎಂದು ಸಂಸ್ಥೆ ಕೈತೊಳೆದುಕೊಳ್ಳುವಂತಿಲ್ಲ. ವಾಟ್ಸ್‌ಆ್ಯಪ್‌ ಗುಂಪುಗಳಿಗೂ ಇದೇ ಮಾತು. ಹೊಸಬರನ್ನು ಗುಂಪಿಗೆ ಸೇರಿಸಿಕೊಂಡು ಆಜ್ಞೆಗಳನ್ನು ಹೊರಡಿಸುವುದು, ಪಾಲಿಸದವರನ್ನು ಬಹಿಷ್ಕರಿಸುವುದಾಗಿ ಹೆದರಿಸುವುದು ಕೂಡ ರ‍್ಯಾಗಿಂಗ್ ಎಂದು 2025ರಲ್ಲಿ ಯುಜಿಸಿ ಕಾಲೇಜುಗಳಿಗೆ ಸ್ಪಷ್ಟಪಡಿಸಿದೆ.

ಮಕ್ಕಳು ಏಕೆ ಹೇಳುವುದಿಲ್ಲ?

ಈ ಪ್ರಶ್ನೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ನಿಯಮಗಳು ಎಷ್ಟು ಬಿಗಿಯಾಗಿದ್ದರೂ ಯಾರಾದರೊಬ್ಬರು ಬಾಯಿ ಬಿಡುವವರೆಗೆ ಅವು ಕಾಗದದ ಮೇಲೆಯೇ ಇರುತ್ತವೆ.

ಊರಿನಲ್ಲಿ ಜಮೀನು ಒತ್ತೆಯಿಟ್ಟೋ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಮಾಡಿಯೋ ಕಳುಹಿಸಿದ ಅಪ್ಪನಿಗೆ ‘ಇಲ್ಲಿ ನನಗೆ ಕಷ್ಟವಾಗುತ್ತಿದೆ’ ಎಂದು ಫೋನಿನಲ್ಲಿ ಹೇಳುವುದು ಹದಿನೆಂಟರ ವಯಸ್ಸಿನಲ್ಲಿ ಸುಲಭವಲ್ಲ. ಹೆಣ್ಣುಮಕ್ಕಳಿಗೆ ಈ ಭಯ ಇನ್ನೂ ಹೆಚ್ಚು, ಏಕೆಂದರೆ ಹೇಳಿದರೆ ತಪ್ಪು ಮಾಡಿದವರಿಗೆ ಶಿಕ್ಷೆಯಾಗುವ ಮೊದಲು ತನ್ನ ಓದೇ ನಿಂತುಹೋಗಬಹುದು, ‘ಸಾಕು, ಮನೆಗೆ ಬಾ’ ಎನ್ನಬಹುದು ಎಂಬ ಅಂಜಿಕೆ ಅವರಲ್ಲಿರುತ್ತದೆ. ಆ ಅಂಜಿಕೆ ಸುಳ್ಳಲ್ಲ. ‘ನಮ್ಮ ಕಾಲದಲ್ಲಿಯೂ ಇತ್ತು, ಗಟ್ಟಿಯಾಗಬೇಕು’ ಎನ್ನುವ ಹಿರಿಯರ ಮಾತು ಕೂಡ ಬಾಯಿ ಮುಚ್ಚಿಸುತ್ತದೆ. ಇನ್ನೊಂದೆಡೆ, ದೂರು ಕೊಟ್ಟವನೆಂದು ಹೆಸರು ಬಿದ್ದರೆ ನಾಲ್ಕು ವರ್ಷ ಲ್ಯಾಬಿನಲ್ಲಿ ಜೊತೆಗಾರರೇ ಸಿಗುವುದಿಲ್ಲ ಎಂಬ ಲೆಕ್ಕ. ಹೀಗೆ ಸಹಿಸಿಕೊಂಡವರಲ್ಲಿ ಕೆಲವರು ಮರುವರ್ಷ ತಾವೇ ಸೀನಿಯರ್‌ಗಳಾಗಿ ಅದನ್ನೇ ಮಾಡುತ್ತಾರೆ. ತಾವು ಪಟ್ಟ ಅವಮಾನಕ್ಕೆ ಏನಾದರೂ ಅರ್ಥವಿತ್ತು ಎಂದು ತಮಗೆ ತಾವೇ ನಂಬಿಸಿಕೊಳ್ಳಲು ಅವರಿಗೆ ಕಾಣುವ ದಾರಿ ಅದೊಂದೇ. ಸಂಪ್ರದಾಯ ಎಂದು ಕರೆಸಿಕೊಳ್ಳುವುದು ಎಷ್ಟೋ ಸಲ ಇಷ್ಟೇ.

ನಿಯಮ ರೂಪಿಸಿದವರಿಗೆ ಈ ಮೌನದ ಅರಿವಿತ್ತು ಎನ್ನಲು ಎರಡು ಪುರಾವೆಗಳಿವೆ. ಶೈಕ್ಷಣಿಕ ವರ್ಷದ ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ, ಹೆಸರು ಬರೆಸದೆ, ಹೊಸ ವಿದ್ಯಾರ್ಥಿಗಳ ನಡುವೆ ಸಮೀಕ್ಷೆ ನಡೆಸಬೇಕು ಎಂದು ಅವರು ಬರೆದರು. ತರಗತಿ, ಗ್ರಂಥಾಲಯದಂಥ ಸ್ಥಳಗಳನ್ನು ಬಿಟ್ಟರೆ ಹಾಸ್ಟೆಲ್ ಮತ್ತು ಆವರಣದಲ್ಲಿ ಮೊಬೈಲ್ ಬಳಕೆಗೆ ಅಡ್ಡಿ ಇರಬಾರದು ಎಂದೂ ಬರೆದರು. ಶಿಸ್ತಿನ ಹೆಸರಿನಲ್ಲಿ ಸಂಜೆಯಿಂದ ಬೆಳಗಿನವರೆಗೆ ಮೊಬೈಲ್ ಕಿತ್ತಿಟ್ಟುಕೊಳ್ಳುವ ಹಾಸ್ಟೆಲ್ ಯಾವುದಾದರೂ ಇದ್ದರೆ, ಮಗು ಸಹಾಯ ಕೇಳಬೇಕಾದ ಹೊತ್ತಿನಲ್ಲಿಯೇ ಅದರ ಕೈ ಕಟ್ಟಿದಂತಾಗುತ್ತದೆ ಎಂಬುದನ್ನು ಪೋಷಕರು ಪ್ರವೇಶಕ್ಕೆ ಮೊದಲೇ ಕೇಳಿ ತಿಳಿಯಬೇಕು.

ದೂರು ಕೊಟ್ಟ ಮೇಲೆ ಯಾವ ಗಂಟೆಗೆ ಏನಾಗಬೇಕು

ಪ್ರತಿ ಕಾಲೇಜಿನಲ್ಲಿ ರ‍್ಯಾಗಿಂಗ್ ತಡೆ ಸಮಿತಿ ಮತ್ತು ರ‍್ಯಾಗಿಂಗ್ ತಡೆ ದಳ ಎಂಬ ಎರಡು ಬೇರೆ ಬೇರೆ ವ್ಯವಸ್ಥೆಗಳಿರಬೇಕು. ಸಮಿತಿಗೆ ಪ್ರಾಂಶುಪಾಲರೇ ಮುಖ್ಯಸ್ಥರು. ಪೊಲೀಸರು, ಪೋಷಕರು, ಸ್ಥಳೀಯ ಮಾಧ್ಯಮದವರು, ಹಿರಿಯ ಮತ್ತು ಕಿರಿಯ ವಿದ್ಯಾರ್ಥಿಗಳ ಪ್ರತಿನಿಧಿಗಳು ಅದರಲ್ಲಿರುತ್ತಾರೆ. ದಳದಲ್ಲಿ ಹೊರಗಿನವರಿಲ್ಲ, ಮುನ್ಸೂಚನೆ ಇಲ್ಲದೆ ಹಾಸ್ಟೆಲ್‌ಗಳಿಗೆ ಭೇಟಿ ಕೊಡುವುದು, ಘಟನೆಯಾದರೆ ಸ್ಥಳದಲ್ಲಿಯೇ ವಿಚಾರಣೆ ಮಾಡುವುದು ಅದರ ಕೆಲಸ. ಇವಲ್ಲದೆ ಆರು ಹೊಸ ವಿದ್ಯಾರ್ಥಿಗಳಿಗೆ ಒಬ್ಬ ಹಿರಿಯ ಮಾರ್ಗದರ್ಶಿ ಇರಬೇಕೆಂಬ ನಿಯಮವೂ ಇದೆ.

ಎಲ್ಲಕ್ಕಿಂತ ಮುಖ್ಯವಾದುದು ಕಾಲಮಿತಿ. ರ‍್ಯಾಗಿಂಗ್ ನಡೆದಿದೆ ಎಂಬ ಮಾಹಿತಿ ಯಾವ ಮೂಲದಿಂದ ಬಂದರೂ, ಅದು ದಂಡ ಕಾನೂನಿನಡಿ ಅಪರಾಧವಾಗುತ್ತದೆಯೇ ಎಂದು ಪ್ರಾಂಶುಪಾಲರು ತಕ್ಷಣ ತೀರ್ಮಾನಿಸಬೇಕು. ಆಗುತ್ತದೆಂದು ಕಂಡರೆ, ಮಾಹಿತಿ ಬಂದ 24 ಗಂಟೆಯೊಳಗೆ ಅವರೇ, ಅಥವಾ ಅವರು ಅಧಿಕಾರ ಕೊಟ್ಟ ಸಮಿತಿಯ ಸದಸ್ಯರು, ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ದಾಖಲಿಸಬೇಕು. ನೊಂದ ವಿದ್ಯಾರ್ಥಿಯೇ ಠಾಣೆಯ ಮೆಟ್ಟಿಲು ಹತ್ತಲಿ ಎಂದು ಕಾಯುವಂತಿಲ್ಲ. ಪೊಲೀಸ್ ತನಿಖೆ ನಡೆಯುತ್ತಿದೆ ಎಂಬ ಕಾರಣಕ್ಕೆ ಕಾಲೇಜು ತನ್ನ ವಿಚಾರಣೆಯನ್ನು ನಿಲ್ಲಿಸುವಂತಿಲ್ಲ. ಘಟನೆ ವರದಿಯಾದ ಏಳು ದಿನಗಳೊಳಗೆ ಅದನ್ನೂ ಕ್ರಮವನ್ನೂ ಮುಗಿಸಬೇಕು. ತರಗತಿಯಿಂದ ಅಮಾನತು, ವಿದ್ಯಾರ್ಥಿವೇತನ ಅಥವಾ ಫಲಿತಾಂಶದ ತಡೆ, ಪರೀಕ್ಷೆಗೆ ಕೂರದಂತೆ ನಿರ್ಬಂಧ, ಹಾಸ್ಟೆಲ್‌ನಿಂದ ಹೊರಹಾಕುವುದು, ಒಂದರಿಂದ ನಾಲ್ಕು ಸೆಮಿಸ್ಟರ್‌ವರೆಗೆ ಕಾಲೇಜಿನಿಂದ ದೂರವಿಡುವುದು, ಪ್ರವೇಶದ ರದ್ದತಿ ಹೀಗೆ ಶಿಕ್ಷೆ ಅಪರಾಧದ ತೀವ್ರತೆಗೆ ತಕ್ಕಂತೆ ಏರುತ್ತದೆ. ಯಾರು ಮಾಡಿದರೆಂದು ಗುರುತಿಸಲು ಸಾಧ್ಯವಾಗದಿದ್ದರೆ ಸಾಮೂಹಿಕ ಶಿಕ್ಷೆಗೂ ಅವಕಾಶವಿದೆ. ಗುಂಪಿನಲ್ಲಿ ನಿಂತು ಬಾಯಿ ಮುಚ್ಚಿಕೊಂಡವರಿಗೆ ಮುಚ್ಚಳಿಕೆಯ ಆ ಸಾಲು ನೆನಪಾಗಬೇಕಾದದ್ದು ಇಲ್ಲಿ.

ಮಾಹಿತಿ ಕೊಟ್ಟವರ ಗುರುತನ್ನು ಗೋಪ್ಯವಾಗಿಡಬೇಕು, ಕೊಟ್ಟದ್ದಕ್ಕಾಗಿ ಅವರಿಗೆ ತೊಂದರೆಯಾಗಬಾರದು ಎಂದೂ ನಿಯಮ ಹೇಳುತ್ತದೆ. ಕಾಲೇಜಿನೊಳಗೆ ಹೇಳಲು ಧೈರ್ಯ ಬಾರದವರಿಗೆ ರಾಷ್ಟ್ರೀಯ ಸಹಾಯವಾಣಿ 1800-180-5522 ದಿನದ 24 ಗಂಟೆಯೂ ಶುಲ್ಕವಿಲ್ಲದೆ ಸಿಗುತ್ತದೆ. ಅಲ್ಲಿ ದಾಖಲಾದ ದೂರನ್ನು ಕಾಲೇಜಿನ ಮುಖ್ಯಸ್ಥರಿಗೂ ಸಂಬಂಧಪಟ್ಟ ಅಧಿಕಾರಿಗಳಿಗೂ ಕಳುಹಿಸುತ್ತಾರೆ. ಗೆಳೆಯನ ಪರವಾಗಿ ಗೆಳತಿ, ಮಗನ ಪರವಾಗಿ ತಾಯಿ ಕೂಡ ಕರೆ ಮಾಡಬಹುದು.

ಎಲ್ಲವೂ ರ‍್ಯಾಗಿಂಗ್ ಅಲ್ಲ: ಬೇರೆ ಬಾಗಿಲುಗಳು

ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಯಾವ ಪ್ಲಾಟ್‌ಫಾರಂನಿಂದ ಯಾವ ಬಸ್ಸು ಹೊರಡುತ್ತದೆಂದು ತಿಳಿಯದೆ ನಿಂತವರು ಬಸ್ಸುಗಳು ಎಷ್ಟಿದ್ದರೂ ಮನೆ ಸೇರುವುದಿಲ್ಲ. ಕಾಲೇಜಿನ ದೂರುಗಳೂ ಹಾಗೆಯೇ. ಒಂದೊಂದು ಬಗೆಯ ತೊಂದರೆಗೆ ಒಂದೊಂದು ಕಡೆ ಹೋಗಬೇಕು.

ಲೈಂಗಿಕ ಕಿರುಕುಳದ ದೂರು ಹೋಗಬೇಕಾದದ್ದು ಆಂತರಿಕ ದೂರು ಸಮಿತಿಗೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಮತ್ತು 2015ರ ಯುಜಿಸಿ ನಿಯಮಗಳ ಪ್ರಕಾರ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ಇದು ಇರಲೇಬೇಕು, ಇದಕ್ಕೆ ಮಹಿಳೆಯೇ ಅಧ್ಯಕ್ಷರಾಗಿರಬೇಕು, ವಿದ್ಯಾರ್ಥಿಗಳ ವಿಷಯವಿದ್ದರೆ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಈ ಅವಧಿಯನ್ನು ಇನ್ನೂ ಮೂರು ತಿಂಗಳು ಹೆಚ್ಚಿಸಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಗಂಡು ವಿದ್ಯಾರ್ಥಿಗಳು ಮತ್ತು ತೃತೀಯ ಲಿಂಗಿ ವಿದ್ಯಾರ್ಥಿಗಳು ಕೂಡ ಇಂತಹ ಕಿರುಕುಳಕ್ಕೆ ಒಳಗಾಗಬಹುದೆಂದು 2015ರ ನಿಯಮಗಳು ಗುರುತಿಸಿವೆ. ನೊಂದವರು ಹದಿನೆಂಟು ತುಂಬದ ಪಿಯುಸಿ ವಿದ್ಯಾರ್ಥಿಗಳಾಗಿದ್ದರೆ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಆಗ ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಡುವುದೇ ಅಪರಾಧ.

ಜಾತಿನಿಂದನೆಗೆ 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಇದೆ. ಮೊಬೈಲ್‌ನಲ್ಲಿ ಚಿತ್ರ ಹರಿಬಿಡುವ ಬೆದರಿಕೆ ಬಂದರೆ ಸೈಬರ್ ಅಪರಾಧದ ದೂರನ್ನು ಕೂಡಲೇ ಕೊಡಬೇಕು. ಕಣ್ಣೆದುರೇ ಅಪಾಯವಿದ್ದಾಗ ಯಾವ ಸಮಿತಿಯನ್ನೂ ಕಾಯದೆ 112ಕ್ಕೆ ಕರೆ ಮಾಡಿದರೆ ಪೊಲೀಸರ ಹೊಯ್ಸಳ ಗಸ್ತು ವಾಹನ ಬರುತ್ತದೆ. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ದಾಖಲಿಸಲು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವಕಾಶವಿದೆ. ಇದನ್ನೇ ‘ಜೀರೊ ಎಫ್‌ಐಆರ್’ ಎನ್ನುತ್ತಾರೆ.

ಮೈಮೇಲೆ ಕಾಣದ ಪೆಟ್ಟು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಮೃತಪಟ್ಟರು. ಪರೀಕ್ಷೆ, ಹಣ, ಮನೆಯ ಪರಿಸ್ಥಿತಿ, ಒಂಟಿತನ, ಅವಮಾನ ಎಲ್ಲವೂ ಹೆಣೆದುಕೊಂಡಿರುವಾಗ ಇದಕ್ಕೆ ಒಂದೇ ಕಾರಣವನ್ನು ಹೇಳುವುದು ತಪ್ಪಾಗುತ್ತದೆ. ಈ ವಿಷಯವನ್ನು ಅಧ್ಯಯನ ಮಾಡಲು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆಯನ್ನು ರಚಿಸಿತು.

ಮನೆಯವರ ಕಣ್ಣಿಗೆ ಮೊದಲು ಬೀಳುವುದು ಸಣ್ಣ ಬದಲಾವಣೆಗಳು. ದಿನವೂ ಬರುತ್ತಿದ್ದ ಫೋನ್ ಎರಡು ದಿನಕ್ಕೊಮ್ಮೆಯಾಗುತ್ತದೆ, ಖರ್ಚಿಗೆ ಕಾರಣ ಹೇಳದೆ ಹಣ ಕೇಳುವುದು ಹೆಚ್ಚುತ್ತದೆ, ಹಬ್ಬಕ್ಕೆ ಬಂದವರು ಮರಳುವ ದಿನ ಹೊಟ್ಟೆನೋವು ಎನ್ನುತ್ತಾರೆ. ‘ಏನಾಯಿತು?’ ಎಂದು ನೇರವಾಗಿ ಕೇಳಿದರೆ ‘ಏನಿಲ್ಲ’ ಎಂಬ ಉತ್ತರವೇ ಬರುತ್ತದೆ. ‘ರೂಮಿನಲ್ಲಿ ಯಾರ ಜೊತೆ ಊಟಕ್ಕೆ ಹೋಗುತ್ತೀಯ?’ ಎಂದು ಕೇಳಿ ನೋಡಬಹುದು. ಯಾರ ಹೆಸರೂ ಬಾರದಿದ್ದರೆ ವಿಷಯವಿದೆ ಎಂದು ತಿಳಿಯಬೇಕು.

ಮಾತನಾಡಲು ಮನೆಯವರೂ ಗೆಳೆಯರೂ ಸಾಲದೆನಿಸಿದಾಗ, ಬದುಕು ಬೇಡವೆನಿಸುವ ಯೋಚನೆ ಬಂದಾಗ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ರಾಷ್ಟ್ರೀಯ ಸೇವೆಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿದೆ.

ದೂರಿನಲ್ಲಿ ಏನು ಬರೆಯಬೇಕು

ದೂರಿಗೆ ವಕೀಲರ ಭಾಷೆ ಬೇಡ, ಇಂಗ್ಲಿಷ್ ಕೂಡ ಬೇಡ. ದಿನಾಂಕ, ಸಮಯ, ಸ್ಥಳ, ಯಾರು ಏನು ಹೇಳಿದರು, ಏನು ಮಾಡಿಸಿದರು, ಯಾರು ಅಲ್ಲಿದ್ದರು ಎಂಬುದನ್ನು ನಡೆದ ಕ್ರಮದಲ್ಲಿ ಬರೆದರೆ ಸಾಕು. ಹೆಸರು ಗೊತ್ತಿಲ್ಲದವರಿದ್ದರೆ ಯಾವ ಸೆಮಿಸ್ಟರ್, ಯಾವ ವಿಭಾಗ ಎಂದು ಬರೆಯಬಹುದು. ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸಬಾರದು. ಸ್ಕ್ರೀನ್‌ಶಾಟ್ ತೆಗೆದು, ಕಾಲೇಜಿಗೆ ಸಂಬಂಧವಿಲ್ಲದ, ನಂಬಿಕೆಯ ಒಬ್ಬರಿಗೆ ಕಳುಹಿಸಿಡಬೇಕು. ಯುಪಿಐ ಮೂಲಕ ಹಣ ಕಿತ್ತಿದ್ದರೆ ಅದರ ದಾಖಲೆಯೇ ಸಾಕ್ಷಿ. ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಚೀಟಿಯನ್ನು ಕಾಯ್ದಿರಿಸಬೇಕು. ದೂರಿನ ಒಂದು ಪ್ರತಿಗೆ ಕಚೇರಿಯಲ್ಲಿ ಸ್ವೀಕೃತಿಯ ಮೊಹರು ಮತ್ತು ಸಮಯ ಹಾಕಿಸಿಕೊಳ್ಳಬೇಕು, ಏಕೆಂದರೆ 24 ಗಂಟೆಯ ಲೆಕ್ಕಕ್ಕೆ ಆ ಮೊಹರೇ ಆಧಾರ.

ಈ ಲೇಖನದಲ್ಲಿ ಬಂದ ಮೂರು ಸಂಖ್ಯೆಗಳನ್ನು, ಅಂದರೆ 112, 14416 ಮತ್ತು 1800-180-5522 ಎಂಬುವನ್ನು, ಮಗ ಅಥವಾ ಮಗಳು ಹಾಸ್ಟೆಲ್‌ಗೆ ಹೊರಡುವ ದಿನ ಒಂದು ಚೀಟಿಯಲ್ಲಿ ಬರೆದು, ಅದರ ಕೆಳಗೆ ಅಪ್ಪ ಅಮ್ಮನ ನಂಬರನ್ನೂ ಸೇರಿಸಿ, ಕಾಲೇಜಿನ ಗುರುತಿನ ಚೀಟಿಯ ಹಿಂಬದಿಯಲ್ಲಿ ಇಟ್ಟು ಕಳುಹಿಸಬೇಕು. ಮೊಬೈಲ್‌ನಲ್ಲಿ ಉಳಿಸಿದ ನಂಬರು, ಮೊಬೈಲ್ ಬೇರೆಯವರ ಕೈ ಸೇರಿದ ರಾತ್ರಿ ಸಿಗುವುದಿಲ್ಲ.